ಕಂಡೂ ಕಾಣದಂತಿರುವುದು: ಡಚ್ ಕಾಫಿಶಾಪಿನ ಎರಡು ಬಾಗಿಲು

ಆ ಸಂಜೆ ಆಮ್‌ಸ್ಟರ್‌ಡ್ಯಾಮಿನ ಒಂದು ಕಾಲುವೆ ಸೇತುವೆಯ ಮೇಲೆ ನಿಂತು ರೈಲು ನಿಲ್ದಾಣದ ದಾರಿಯನ್ನು ಫೋನಿನಲ್ಲಿ ಹುಡುಕುತ್ತಿದ್ದೆ. ಇಪ್ಪತ್ತರ ಆಸುಪಾಸಿನ ಇಬ್ಬರು ಬಿಳಿಯ ಹುಡುಗರು ಹತ್ತಿರ ಬಂದರು. ಅತ್ತಿತ್ತ ನೋಡಿ, ದನಿ ತಗ್ಗಿಸಿ, ‘ಏನಾದರೂ ಇದೆಯಾ?’ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮೊದಲು ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಗು ಬಂತು. ಏಕೆಂದರೆ ಅವರ ಬೆನ್ನ ಹಿಂದೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಪರವಾನಗಿ ಇರುವ ಒಂದು ಕಾಫಿಶಾಪ್ ಹಸಿರು ದೀಪ ಹಾಕಿಕೊಂಡು ತೆರೆದೇ ಇತ್ತು. ಹದಿನೆಂಟು ದಾಟಿದ ಯಾರು ಬೇಕಾದರೂ ಹೋಗಿ, ಗುರುತಿನ ಚೀಟಿ ತೋರಿಸಿ, ಐದು ಗ್ರಾಂ ಗಾಂಜಾ ಕೊಂಡುಕೊಳ್ಳಬಹುದಾದ ಊರಿನಲ್ಲಿ, ಕನ್ನಡಕ ಹಾಕಿಕೊಂಡು ಹೆಗಲಿಗೆ ಪುಸ್ತಕದ ಚೀಲ ನೇತುಹಾಕಿಕೊಂಡ ನನ್ನನ್ನು ಏಕೆ ಕೇಳಬೇಕು? ಆ ಸೇತುವೆಯ ಮೇಲೆ ಇನ್ನೂ ಏಳೆಂಟು ಜನ ನಿಂತಿದ್ದರು. ಕಂದು ಬಣ್ಣದವನು ನಾನೊಬ್ಬನೇ.

ಆಗ ನಾನು ಹೇಗ್ ನಗರದಲ್ಲಿ ಕೆಲವು ತಿಂಗಳ ಮಟ್ಟಿಗೆ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಮನೆಯೊಡತಿ ಸುರಿನಾಮಿನ ಹಿಂದೂಸ್ತಾನಿ ಹೆಂಗಸು. 1873ರಲ್ಲಿ ‘ಲಾಲಾ ರೂಖ್’ ಎಂಬ ಹಡಗು ಮೊದಲ ಗಿರ್ಮಿಟ್ ಕೂಲಿಗಳನ್ನು ಕಲ್ಕತ್ತೆಯಿಂದ ದಕ್ಷಿಣ ಅಮೆರಿಕದ ಆ ಡಚ್ ವಸಾಹತಿಗೆ ಒಯ್ದಿತಲ್ಲ, ಅದರ ನಂತರದ ಯಾವುದೋ ಹಡಗಿನಲ್ಲಿ ಹೋದವರ ಮರಿಮಗಳು. ರಾತ್ರಿ ಊಟದ ಹೊತ್ತಿಗೆ ಈ ಕಥೆ ಹೇಳಿದೆ. ಆಕೆ ನಗಲಿಲ್ಲ. ‘ನನ್ನ ತಮ್ಮ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ, ಬೇಟಾ. ಭಾನುವಾರ ಆಮ್‌ಸ್ಟರ್‌ಡ್ಯಾಮಿಗೆ ಹೋಗುವಾಗಲೂ ಟೈ ಕಟ್ಟಿಕೊಂಡೇ ಹೋಗುತ್ತಿದ್ದ’ ಎಂದಷ್ಟೇ ಹೇಳಿ, ನನ್ನ ತಟ್ಟೆಗೆ ಇನ್ನೊಂದು ರೋಟಿ ಹಾಕಿದಳು.

ಈ ಬರಹ ಆ ಟೈಯ ಬಗ್ಗೆ. ಅಂದರೆ, ಜಗತ್ತಿನ ಅತಿ ಉದಾರ ಎಂದು ಹೆಸರಾದ ಒಂದು ನೀತಿಯನ್ನು ಕಥನವೊಂದನ್ನು ಓದುವ ಹಾಗೆ ಓದಿದರೆ ಅದರಲ್ಲಿ ಯಾರು ನಾಯಕ, ಯಾರು ಹಿನ್ನೆಲೆ, ಯಾರು ಬರೀ ಅಲಂಕಾರ ಎಂಬುದರ ಬಗ್ಗೆ.

ಡಚ್ ಭಾಷೆಯಲ್ಲಿ ‘ಖೆದೋಖೆನ್’ ಎಂಬ ಕ್ರಿಯಾಪದವಿದೆ. ಅದರ ‘ಖ’ ಗಂಟಲಿನ ಆಳದಿಂದ ಬರಬೇಕು. ಇಂಗ್ಲಿಷಿನವರು ಇದನ್ನು ‘ಸಹಿಷ್ಣುತೆ’ ಎನ್ನುವ ಅರ್ಥದಲ್ಲಿ ಅನುವಾದಿಸಿ ಅದಕ್ಕೊಂದು ನೈತಿಕ ಹೊಳಪು ಕೊಟ್ಟಿದ್ದಾರೆ. ಕನ್ನಡದಲ್ಲಿ ಇದಕ್ಕಿಂತ ಕರಾರುವಾಕ್ಕಾದ ಮಾತಿದೆ: ಕಂಡೂ ಕಾಣದಂತಿರುವುದು. ಗಾಂಜಾ ಮಾರುವುದು ನೆದರ್‌ಲ್ಯಾಂಡ್ಸಿನಲ್ಲಿ ಇಂದಿಗೂ ಅಪರಾಧವೇ. ಕಾನೂನಿನ ಪುಸ್ತಕದಲ್ಲಿ ಕಾಫಿಶಾಪ್ ಎಂಬುದೇ ಇಲ್ಲ. ಇರುವುದು ಸರ್ಕಾರಿ ವಕೀಲರ ಮಾರ್ಗಸೂಚಿ: ಇಂತಿಂಥ ಷರತ್ತು ಪಾಲಿಸಿದರೆ ನಿಮ್ಮ ಮೇಲೆ ಮೊಕದ್ದಮೆ ಹೂಡುವುದಿಲ್ಲ. ಜಾಹೀರಾತು ಇರಬಾರದು, ಹೆರಾಯಿನ್ ಕೊಕೇನಿನಂಥ ಕಠಿಣ ಮಾದಕಗಳು ಇರಬಾರದು, ನೆರೆಹೊರೆಗೆ ತೊಂದರೆಯಾಗಬಾರದು, ಹದಿನೆಂಟರ ಒಳಗಿನವರಿಗೆ ಕೊಡಬಾರದು, ಒಬ್ಬನಿಗೆ ಐದು ಗ್ರಾಮಿಗಿಂತ ಹೆಚ್ಚು ಮಾರಬಾರದು. ಅಂಗಡಿಯ ದಾಸ್ತಾನು 500 ಗ್ರಾಂ ಮೀರಬಾರದು. ಇದು ಮುಂಬಾಗಿಲಿನ ನಿಯಮ. ಆ 500 ಗ್ರಾಂ ಅಂಗಡಿಯೊಳಗೆ ಬಂದದ್ದು ಹೇಗೆ ಎಂದು ಕೇಳಿದರೆ ಉತ್ತರವಿಲ್ಲ, ಏಕೆಂದರೆ ಬೆಳೆಯುವುದೂ ಸಾಗಿಸುವುದೂ ಸಗಟಾಗಿ ಮಾರುವುದೂ ನೇರ ಅಪರಾಧ. ಡಚ್ಚರೇ ಇದನ್ನು ‘ಹಿಂಬಾಗಿಲಿನ ಸಮಸ್ಯೆ’ ಎನ್ನುತ್ತಾರೆ. ಮುಂಬಾಗಿಲಲ್ಲಿ ಗಿರಾಕಿ ಕಾನೂನಿನ ಕರುಣೆಯಲ್ಲಿ ಒಳಬರುತ್ತಾನೆ, ಹಿಂಬಾಗಿಲಲ್ಲಿ ಸರಕು ತರುವವನು ಕಳ್ಳ. ಒಂದೇ ಪೊಟ್ಟಣ ಹಿಂದಿನ ಕೋಣೆಯಿಂದ ಕೌಂಟರಿಗೆ ಬರುವ ನಾಲ್ಕು ಹೆಜ್ಜೆಯಲ್ಲಿ ತನ್ನ ಪಾಪ ಕಳೆದುಕೊಳ್ಳುತ್ತದೆ.

ಕಂಡೂ ಕಾಣದಂತಿರಲು ಒಂದು ಕಣ್ಣು ಬೇಕು. ಆ ಕಣ್ಣು ಯಾರದು, ಅದು ಯಾರನ್ನು ಕಾಣದಂತಿರುತ್ತದೆ, ಯಾರನ್ನು ಎದ್ದು ಕಾಣುವಂತೆ ಕಾಣುತ್ತದೆ ಎಂಬುದೇ ನನ್ನ ಪ್ರಶ್ನೆ.

ಈ ನೀತಿ ಹುಟ್ಟಿದ ವರ್ಷಗಳನ್ನು ನೋಡಿ. 1971ರಲ್ಲಿ ಕ್ರಿಮಿನಲ್ ಕಾನೂನಿನ ಪ್ರಾಧ್ಯಾಪಕ ಲೌಕ್ ಹುಲ್ಸ್‌ಮಾನ್ ನೇತೃತ್ವದ ಸಮಿತಿ ತನ್ನ ವರದಿ ಕೊಟ್ಟಿತು. 1972ರಲ್ಲಿ ಮನೋವೈದ್ಯ ಪೀಟರ್ ಬಾನ್ ಅವರ ಸರ್ಕಾರಿ ಸಮಿತಿಯ ವರದಿ ಬಂತು. ಎರಡರ ಸಾರವೂ ಹೆಚ್ಚುಕಡಿಮೆ ಒಂದೇ: ಮಾದಕ ವಸ್ತುಗಳನ್ನು ಅವುಗಳ ಅಪಾಯದ ಪ್ರಮಾಣಕ್ಕೆ ತಕ್ಕಂತೆ ಬೇರೆಬೇರೆಯಾಗಿ ನೋಡಬೇಕು, ಗಾಂಜಾ ಸೇದುವ ಹುಡುಗನನ್ನು ಜೈಲಿಗೆ ಹಾಕಿದರೆ ಗಾಂಜಾಕ್ಕಿಂತ ಜೈಲೇ ಅವನನ್ನು ಹೆಚ್ಚು ಹಾಳುಮಾಡುತ್ತದೆ. 1976ರಲ್ಲಿ ಆರೋಗ್ಯ ಸಚಿವೆ ಇರೇನೆ ವೊರಿಂಕ್ ಮತ್ತು ನ್ಯಾಯ ಸಚಿವ ಡ್ರೀಸ್ ಫಾನ್ ಆಖ್ತ್ ಅಫೀಮು ಕಾಯ್ದೆಗೆ ತಿದ್ದುಪಡಿ ತಂದು ಎರಡು ಪಟ್ಟಿ ಮಾಡಿದರು. ಒಂದನೇ ಪಟ್ಟಿ ‘ಒಪ್ಪಲಾಗದ ಅಪಾಯ’ದ ವಸ್ತುಗಳದು, ಎರಡನೆಯದು ಗಾಂಜಾ ಮತ್ತು ಹಶೀಶಿನದು. 30 ಗ್ರಾಂವರೆಗೆ ಇಟ್ಟುಕೊಳ್ಳುವುದು ಸಣ್ಣ ತಪ್ಪಷ್ಟೇ ಆಯಿತು. (1990ರ ದಶಕದಲ್ಲಿ, ಫ್ರಾನ್ಸಿನ ಒತ್ತಡದ ಕಾಲದಲ್ಲಿ, ಮೊಕದ್ದಮೆಯಿಲ್ಲದೆ ಸಹಿಸುವ ಮಿತಿ ಐದು ಗ್ರಾಮಿಗೆ ಇಳಿಯಿತು.) ಅಂದಹಾಗೆ ವೊರಿಂಕ್ ಅವರ ಮಗ ಕೋಸ್ ಸ್ವಾರ್ತ್ ಆ ಕಾಲದಲ್ಲಿ ರೇಡಿಯೊದಲ್ಲಿ ಹಶೀಶಿನ ಮಾರುಕಟ್ಟೆ ದರಗಳನ್ನು ಓದುತ್ತಿದ್ದ, ನಮ್ಮ ಆಕಾಶವಾಣಿಯಲ್ಲಿ ಅಡಿಕೆ ಧಾರಣೆ ಓದಿದ ಹಾಗೆ. ಡಚ್ಚರು ಈ ಪ್ರಸಂಗವನ್ನು ಈಗಲೂ ಪ್ರೀತಿಯಿಂದ ನೆನೆಯುತ್ತಾರೆ. ಸಚಿವೆಯ ಮಗ ಹಶೀಶಿನ ದರ ಓದಿದರೆ ಅದು ತುಂಟತನವೆನಿಸುತ್ತದೆ. ಆ ತುಂಟತನ ಯಾರಿಗೆಲ್ಲ ಲಭ್ಯವಿತ್ತು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಸರಿ, ಅದೇ 1971ರಲ್ಲಿ ಇನ್ನೊಂದು ಪುಸ್ತಕ ಬಂತು. ಸಮಾಜಶಾಸ್ತ್ರಜ್ಞೆ ಹಿಲ್ಡಾ ಫೆರ್ವೇ-ಯೋಂಕರ್ ಸಂಪಾದಿಸಿದ ‘ಅಲೊಖ್ತೋನೆನ್ ಇನ್ ನೇದರ್‌ಲಾಂಡ್’. ಅಲೊಖ್ತೋನ್ ಎಂದರೆ ಬೇರೆ ಮಣ್ಣಿನಿಂದ ಬಂದವನು, ಅದರ ಜೋಡಿಪದ ಔತೊಖ್ತೋನ್ ಎಂದರೆ ಇದೇ ಮಣ್ಣಿನವನು. ಭೂಗರ್ಭಶಾಸ್ತ್ರದಲ್ಲಿ ಬಂಡೆಗಳಿಗೆ ಬಳಸುತ್ತಿದ್ದ ಪದಗಳು ಇವು. ವಿದೇಶಿಗ, ವಲಸಿಗ ಎಂಬ ಒರಟು ಮಾತುಗಳಿಗೆ ಬದಲು ಸಭ್ಯವಾದ, ಶಾಸ್ತ್ರೀಯವಾದ ಒಂದು ಹೆಸರು ಬೇಕೆಂಬುದು ಆಗಿನ ಸದಾಶಯ. ಪದ ಬಳಕೆಗೆ ಬರಲು ಒಂದಿಷ್ಟು ಕಾಲ ಹಿಡಿಯಿತು. ಆಮೇಲೆ ಅದು ಸರ್ಕಾರಿ ಅಂಕಿಅಂಶದ ಭಾಷೆಯಾಯಿತು, ಪೊಲೀಸ್ ವರದಿಯ ಭಾಷೆಯಾಯಿತು, ಆಮ್‌ಸ್ಟರ್‌ಡ್ಯಾಮಿನಲ್ಲೇ ಹುಟ್ಟಿದ ಮಗುವನ್ನೂ ಅದರ ತಂದೆತಾಯಿಯ ಊರು ನೋಡಿ ‘ಪಾಶ್ಚಾತ್ಯೇತರ ಅಲೊಖ್ತೋನ್’ ಎಂದು ಎಣಿಸುವ ಭಾಷೆಯಾಯಿತು. ಕೇಂದ್ರ ಅಂಕಿಅಂಶ ಇಲಾಖೆ ಆ ಪದವನ್ನು ಕೈಬಿಟ್ಟದ್ದು 2016ರಲ್ಲಿ.

ಎರಡು ವರ್ಗೀಕರಣಗಳು ಒಂದೇ ಕಾಲದಲ್ಲಿ ಮೊಳೆತವು. ಒಂದು ವಸ್ತುಗಳನ್ನು ಮೃದು, ಕಠಿಣ ಎಂದು ಬೇರ್ಪಡಿಸಿತು. ಇನ್ನೊಂದು ಜನರನ್ನು ನಮ್ಮವರು, ಹೊರಗಿನವರು ಎಂದು ಬೇರ್ಪಡಿಸಿತು. ಒಂದರ ಲೇಖಕರು ಇನ್ನೊಂದರ ಬಗ್ಗೆ ಯೋಚಿಸಿದ್ದರೆಂದು ನಾನು ಹೇಳುತ್ತಿಲ್ಲ. ಬಾನ್ ಸಮಿತಿ ಜನಾಂಗದ ಲೆಕ್ಕ ಇಟ್ಟುಕೊಂಡು ಕೂತಿರಲಿಲ್ಲ. ಆದರೆ ‘ಮಾರುಕಟ್ಟೆಗಳ ಬೇರ್ಪಡಿಕೆ’ ಎಂಬ ಅವರ ಮುಖ್ಯ ವಾದವನ್ನು ಬಿಡಿಸಿ ನೋಡಿದರೆ ಅದರೊಳಗೊಬ್ಬ ಹುಡುಗ ನಿಂತಿದ್ದಾನೆ. ಕುತೂಹಲಕ್ಕೆ ಗಾಂಜಾ ಸೇದುವವನು, ನಾಳೆ ಓದು ಮುಗಿಸಿ ಕೆಲಸ ಹಿಡಿಯುವವನು, ಅಪರಾಧ ಜಗತ್ತಿನ ಸಹವಾಸಕ್ಕೆ ಬೀಳದಂತೆ ಕಾಪಾಡಬೇಕಾದವನು. ಆ ಹುಡುಗನಿಗೊಂದು ಬೆಚ್ಚಗಿನ ಕೋಣೆ, ಒಂದು ಕಪ್ ಕಾಫಿ, ಸಂಗೀತ ಬೇಕು. ಅವನು ಯಾರಿಂದ ದೂರವಿರಬೇಕು? ಬೀದಿಯಲ್ಲಿ ನಿಂತು ಎರಡೂ ಬಗೆಯ ಸರಕು ಮಾರುವವನಿಂದ. 1970ರ ದಶಕದ ಆಮ್‌ಸ್ಟರ್‌ಡ್ಯಾಮಿನಲ್ಲಿ ಆ ಎರಡನೆಯವನಿಗೆ ಬಹುಬೇಗ ಒಂದು ಮುಖ ಬಂತು, ಒಂದು ಬಣ್ಣ ಬಂತು.

1972ರ ಹೊತ್ತಿಗೆ ಹೆರಾಯಿನ್ ಆಮ್‌ಸ್ಟರ್‌ಡ್ಯಾಮಿಗೆ ಬಂತು, ಮೊದಮೊದಲು ಚೀನೀ ವ್ಯಾಪಾರಿಗಳ ಜಾಲದ ಮೂಲಕ. 1975ರ ನವೆಂಬರ್ 25ರಂದು ಸುರಿನಾಮ್ ಸ್ವತಂತ್ರವಾಯಿತು. ಡಚ್ ಪೌರತ್ವ ಕೈತಪ್ಪುವ ಮೊದಲು, ಬಾಗಿಲು ಮುಚ್ಚುವ ಮೊದಲು ಬಂದುಬಿಡಬೇಕೆಂದು ಆ ದೇಶದ ಸುಮಾರು ಮೂರನೇ ಒಂದು ಭಾಗದಷ್ಟು ಜನ ಆ ದಶಕದಲ್ಲಿ ನೆದರ್‌ಲ್ಯಾಂಡ್ಸಿಗೆ ಬಂದರು. ಕೆಲಸವಿಲ್ಲ, ಮನೆಯಿಲ್ಲ, ಅನೇಕ ಕೆಫೆ, ಡಿಸ್ಕೊಗಳ ಬಾಗಿಲಲ್ಲಿ ಅವರಿಗೆ ಪ್ರವೇಶವಿಲ್ಲ. ಅವರಲ್ಲಿ ಕೆಲವು ತರುಣರು ರೈಲು ನಿಲ್ದಾಣದ ಹತ್ತಿರದ ಸೇದೇಕ್ ಎಂಬ ಹಳೆಯ ಬೀದಿಯಲ್ಲಿ ಹೆರಾಯಿನಿಗೆ ಬಿದ್ದರು, ಕೆಲವರು ಅದನ್ನು ಮಾರಿದರು. ಬಿಳಿಯ ಡಚ್ ವ್ಯಸನಿಗಳೂ ಜರ್ಮನ್ ವ್ಯಸನಿಗಳೂ ಅದೇ ಬೀದಿಯಲ್ಲಿದ್ದರು. ಆದರೆ ಪತ್ರಿಕೆಯ ಓದುಗನ ಮನಸ್ಸಿನಲ್ಲಿ ಉಳಿದದ್ದು ಕಪ್ಪು ಹುಡುಗನ ಚಿತ್ರ. ಮನೆಯೊಡತಿಯ ತಮ್ಮ ಟೈ ಕಟ್ಟಿಕೊಳ್ಳಲು ಶುರುಮಾಡಿದ್ದು ಆ ವರ್ಷಗಳಲ್ಲಿ.

ಭಾಷೆಯನ್ನು ಗಮನಿಸಿ. ಬೆಳ್ಳಿಹಾಳೆಯ ಮೇಲೆ ಹೆರಾಯಿನ್ ಕಾಯಿಸಿ ಅದರ ಹೊಗೆ ಎಳೆದುಕೊಳ್ಳುವುದಕ್ಕೆ ಡಚ್ಚಿನಲ್ಲಿ ಇರುವ ಕ್ರಿಯಾಪದ ‘ಶಿನೇಸೆನ್’, ಅಂದರೆ ‘ಚೀನಿಸುವುದು’. ನಿಘಂಟಿನಲ್ಲಿ ಇರುವ ಪದ. ಒಂದು ಜನಾಂಗದ ಹೆಸರೇ ಒಂದು ದುಶ್ಚಟದ ಕ್ರಿಯೆಯಾಗಿಬಿಡುವುದು ಭಾಷೆಗಳಲ್ಲಿ ಹೊಸದೇನಲ್ಲ, ನಮ್ಮಲ್ಲಿ ಜಾತಿಯ ಹೆಸರುಗಳು ಬೈಗುಳಗಳಾದದ್ದನ್ನು ನಾವು ಬಲ್ಲೆವು. ಆದರೆ ಇಲ್ಲಿ ಮರೆವು ಎಷ್ಟು ಸಲೀಸಾಗಿದೆ ನೋಡಿ. ಚೀನೀಯರಿಗೆ ಅಫೀಮು ಮಾರಿದವರು ಯಾರು?

ಡಚ್ ಈಸ್ಟ್ ಇಂಡಿಯಾ ಕಂಪನಿ ನಮ್ಮ ಪಾಟ್ನಾದ ಅಫೀಮನ್ನು ಕೊಂಡು ಜಾವಾದಲ್ಲಿ ಮಾರುತ್ತಿತ್ತು. ಕಂಪನಿ ಹೋಗಿ ಡಚ್ ಸರ್ಕಾರ ಬಂದ ಮೇಲೆ ಅಫೀಮು ಮಾರುವ ಹಕ್ಕನ್ನು ಗುತ್ತಿಗೆಗೆ ಕೊಟ್ಟರು, ಗುತ್ತಿಗೆದಾರರು ಬಹುಪಾಲು ಚೀನೀ ವರ್ತಕರು. 1894ರಲ್ಲಿ ಮದುರಾ ದ್ವೀಪದಲ್ಲಿ ಪ್ರಯೋಗವಾಗಿ ಶುರುಮಾಡಿ, ಕೆಲವೇ ವರ್ಷಗಳಲ್ಲಿ ಇಡೀ ಜಾವಾಕ್ಕೆ ಹಬ್ಬಿಸಿ, ಸರ್ಕಾರವೇ ಅಫೀಮಿನ ಏಕಸ್ವಾಮ್ಯ ವಹಿಸಿಕೊಂಡಿತು. ಇದಕ್ಕೆ ‘ಅಫೀಮು ರೇಜಿ’ ಎಂದು ಹೆಸರು. ಬಟಾವಿಯಾದಲ್ಲಿ ಸರ್ಕಾರದ್ದೇ ಕಾರ್ಖಾನೆ, ಊರೂರಲ್ಲಿ ಸರ್ಕಾರದ್ದೇ ಮಾರಾಟದ ಕಟ್ಟೆ. ಕೊಟ್ಟ ಸಮರ್ಥನೆ ಏನು? ಜನರನ್ನು ಕಳ್ಳಸಾಗಣೆದಾರರಿಂದ ಕಾಪಾಡುವುದು, ಬಳಕೆಯನ್ನು ಹತೋಟಿಯಲ್ಲಿಡುವುದು. 1976ರ ಸಮರ್ಥನೆ ಇದರ ಸೋದರನಂತೆ ಕಾಣುತ್ತದೆ, ಒಂದೇ ವ್ಯತ್ಯಾಸ: ಜಾವಾದಲ್ಲಿ ಕಂಡೂ ಕಾಣದಂತಿದ್ದದ್ದು ಪ್ರಜೆಯ ಆರೋಗ್ಯಕ್ಕಾಗಿ ಅಲ್ಲ, ಬೊಕ್ಕಸಕ್ಕಾಗಿ. 1912ರಲ್ಲಿ ಜಗತ್ತಿನ ಮೊದಲ ಅಂತರರಾಷ್ಟ್ರೀಯ ಅಫೀಮು ಒಪ್ಪಂದಕ್ಕೆ ಸಹಿ ಬಿದ್ದದ್ದು ಹೇಗ್ ನಗರದಲ್ಲಿ, ನಾನು ಬಾಡಿಗೆಗಿದ್ದ ಊರಿನಲ್ಲಿ. ಆಮೇಲೂ ರೇಜಿಯ ಅಂಗಡಿಗಳು ಜಪಾನೀಯರು ಜಾವಾಕ್ಕೆ ಬರುವ 1942ರ ತನಕ ನಡೆದವು. ತಾಯ್ನಾಡಿನಲ್ಲಿ 1919ರಲ್ಲೇ ಅಫೀಮು ಕಾಯ್ದೆ ಬಂದಿತ್ತು. ಒಂದೇ ರಾಜಮುದ್ರೆಯ ಕೆಳಗೆ ಇಲ್ಲೊಂದು ನೀತಿ, ಅಲ್ಲೊಂದು ನೀತಿ. 1928ರಲ್ಲಿ ಆ ಕಾಯ್ದೆಗೆ ಗಾಂಜಾ ಸೇರಿದಾಗ ಅದಕ್ಕೆ ಕೊಟ್ಟ ಹೆಸರು ‘ಇಂಡಿಯಾದ ಸೆಣಬು’ ಎಂಬ ಅರ್ಥದ್ದು. ಹೊರಗಿನಿಂದ ಬಂದದ್ದು ಎಂಬ ಗುರುತು ಗಿಡಕ್ಕೂ ಅಂಟಿಕೊಂಡೇ ಬಂತು.

ಇದನ್ನು ಬರೆಯುವಾಗ ನನಗೆ ‘ಮ್ಯಾಕ್ಸ್ ಹಾವೆಲಾರ್’ ಕಾದಂಬರಿ ನೆನಪಾಗದೆ ಇರದು. ಮುಲ್ತಾತೂಲಿ ಎಂಬ ಕಾವ್ಯನಾಮದಲ್ಲಿ ಎಡ್ವರ್ಡ್ ದೌವೆಸ್ ಡೆಕ್ಕರ್ 1860ರಲ್ಲಿ ಪ್ರಕಟಿಸಿದ ಈ ಕೃತಿಯ ಕಥೆ ಶುರುವಾಗುವುದು ಜಾವಾದಲ್ಲಿ ಅಲ್ಲ, ಆಮ್‌ಸ್ಟರ್‌ಡ್ಯಾಮಿನ ಒಬ್ಬ ಕಾಫಿ ದಲ್ಲಾಳಿಯ ಮನೆಯಲ್ಲಿ. ದ್ರೋಖ್‌ಸ್ಟೋಪ್ಪೆಲ್ ಎಂಬ ಆ ದಲ್ಲಾಳಿ ಸತ್ಯಸಂಧ, ದೈವಭಕ್ತ, ಲೆಕ್ಕ ಪಕ್ಕಾ. ಅವನ ಕೈಗೆ ಒಂದು ಹಸ್ತಪ್ರತಿಗಳ ಗಂಟು ಸಿಗುತ್ತದೆ. ಅದರೊಳಗೆ ಜಾವಾದ ರೈತರ ಹಸಿವು, ಅವರಿಂದ ಕಿತ್ತುಕೊಂಡ ಎಮ್ಮೆಗಳು, ಕಡ್ಡಾಯ ದುಡಿಮೆ ಎಲ್ಲ ಇವೆ. ಅವನಿಗೆ ಬೇಕಾದದ್ದು ಕಾಫಿಯ ವಿಷಯ ಮಾತ್ರ. ಕಾದಂಬರಿಯ ಅದ್ಭುತವಿರುವುದು ಆ ಎರಡು ದನಿಗಳ ಜಗಳದಲ್ಲಿ: ಮುಂದಿನ ಕೋಣೆಯಲ್ಲಿ ಕೂತ ದಲ್ಲಾಳಿಯ ನಿರ್ಮಲ ಆತ್ಮಸಾಕ್ಷಿ, ಹಿಂದಿನ ಬಾಗಿಲಿನಿಂದ ನುಗ್ಗುತ್ತಿರುವ ಜಾವಾ. ಕಾಫಿಶಾಪಿಗಿಂತ ನೂರು ವರ್ಷ ಮೊದಲೇ ಕಾಫಿಯ ಮುಂಬಾಗಿಲು, ಹಿಂಬಾಗಿಲನ್ನು ಮುಲ್ತಾತೂಲಿ ಕಂಡಿದ್ದ. (ಜಾವಾಕ್ಕೆ ಡಚ್ಚರು ಕಾಫಿ ಸಸಿ ಒಯ್ದದ್ದು 17ನೇ ಶತಮಾನದ ಕೊನೆಯಲ್ಲಿ, ನಮ್ಮ ಮಲಬಾರ್ ಕರಾವಳಿಯಿಂದ. ಬಾಬಾ ಬುಡನ್ ಕಥೆ ಹೇಳಿಕೊಂಡು ಬೆಳೆದ ನಮಗೆ ಈ ಮುಂದಿನ ಅಧ್ಯಾಯವನ್ನು ಯಾರೂ ಹೇಳಲಿಲ್ಲ.)

ದಲ್ಲಾಳಿಯ ಆ ನಿರ್ಮಲ ಆತ್ಮಸಾಕ್ಷಿಗೆ ನಮ್ಮ ಕಾಲದಲ್ಲಿ ಹೆಸರಿಟ್ಟವರು ಗ್ಲೋರಿಯಾ ವೇಕರ್. ಸುರಿನಾಮಿನಲ್ಲಿ ಹುಟ್ಟಿದ ಈ ವಿದ್ವಾಂಸೆಯ ‘ವೈಟ್ ಇನ್ನೊಸೆನ್ಸ್’ 2016ರಲ್ಲಿ ಬಂತು. ನಾವು ಚಿಕ್ಕ ದೇಶ, ನ್ಯಾಯದ ದೇಶ, ನಮಗೆ ಬಣ್ಣ ಕಾಣುವುದಿಲ್ಲ ಎಂದು ಹೇಳಿಕೊಳ್ಳುವ ಡಚ್ ಸ್ವಭಾವದ ಕೆಳಗೆ ನಾನೂರು ವರ್ಷದ ವಸಾಹತುಶಾಹಿ ಕೂಡಿಟ್ಟ ಒಂದು ಉಗ್ರಾಣವಿದೆ ಎಂಬುದು ಅವರ ವಾದ. ಎಡ್ವರ್ಡ್ ಸೈದ್ ಅವರಿಂದ ಪಡೆದ ಮಾತಿನಲ್ಲಿ ಅವರದನ್ನು ‘ಸಾಂಸ್ಕೃತಿಕ ದಫ್ತರ’ ಎಂದು ಕರೆಯುತ್ತಾರೆ. ಅವರ ಪುಸ್ತಕ ಕಾಫಿಶಾಪಿನ ಕುರಿತದ್ದಲ್ಲ. ಆ ಕೀಲಿಕೈ ಈ ಬಾಗಿಲಿಗೂ ಹೊಂದುತ್ತದೆಯೇ ಎಂದು ನಾನು ಹಾಕಿ ನೋಡುತ್ತಿದ್ದೇನೆ ಅಷ್ಟೆ.

ಹೊಂದುತ್ತದೆ ಅನ್ನಿಸಿದ್ದು ರಾಬರ್ಟ್ ಯಾಸ್ಪರ್ ಖ್ರೋಟ್‌ಫೆಲ್ಟ್ ಬಗ್ಗೆ ಓದಿದಾಗ. 1960ರ ದಶಕದ ಪ್ರೊವೊ ಚಳವಳಿಗೆ ಕಿಡಿ ಹಚ್ಚಿದವರಲ್ಲಿ ಅವನೊಬ್ಬ. ಸ್ಪೌ ಎಂಬ ಚೌಕದಲ್ಲಿ, ಸಿಗರೇಟು ಕಂಪನಿಯ ದೇಣಿಗೆಯಿಂದ ನಿಂತ ಪುಟ್ಟ ಹುಡುಗನ ಪ್ರತಿಮೆಯ ಸುತ್ತ ಅವನು ಮಧ್ಯರಾತ್ರಿ ‘ಹ್ಯಾಪನಿಂಗ್’ಗಳನ್ನು ನಡೆಸುತ್ತಿದ್ದ. ತಂಬಾಕಿನ ವಿರುದ್ಧದ ಮಾಂತ್ರಿಕ ಎಂದು ತನ್ನನ್ನು ಕರೆದುಕೊಂಡ. ಗಾಂಜಾದ ಬಗ್ಗೆ ಪೊಲೀಸರಿಗಿದ್ದ ಅಜ್ಞಾನವನ್ನೇ ಬಳಸಿ, ನಿರುಪದ್ರವಿ ಸೊಪ್ಪುಸದೆಗೆ ಅವರು ದಾಳಿ ಮಾಡುವಂತೆ ಕೆಣಕುವ ಒಂದು ಆಟ ಹೂಡಿದ. ಡಚ್ ಗಾಂಜಾ ಸಂಸ್ಕೃತಿಯ ಮೂಲಪುರುಷ ಎಂದರೆ ಹೆಚ್ಚಾಗದು. ಈ ಮೂಲಪುರುಷ ತನ್ನ ಪ್ರದರ್ಶನಗಳಿಗೆ ಮುಖಕ್ಕೆ ಮಸಿ ಬಳಿದುಕೊಂಡು ‘ಸ್ವಾರ್ತೆ ಪೀಟ್’ ವೇಷದಲ್ಲಿ ಬಂದದ್ದುಂಟು. ಡಿಸೆಂಬರ್ 5ರ ಸಿಂಟರ್‌ಕ್ಲಾಸ್ ಹಬ್ಬದಲ್ಲಿ ಬಿಳಿಗಡ್ಡದ ಸಂತನ ಹಿಂದೆ ಕುಣಿಯುವ, ಗುಂಗುರು ಕೂದಲ, ಕೆಂಪು ತುಟಿಯ ಕಪ್ಪು ಸೇವಕನೇ ಈ ಪೀಟ್. ಖ್ರೋಟ್‌ಫೆಲ್ಟ್ ಕಪ್ಪು ಜನರನ್ನು ದ್ವೇಷಿಸಿದವನಲ್ಲ. ಅಧಿಕಾರವನ್ನು ಅಣಕಿಸಲು ಅವನಿಗೊಂದು ಮುಖವಾಡ ಬೇಕಿತ್ತು, ಕೈಗೆ ಸಿಕ್ಕಿದ್ದು ಅದು. ಬಂಡಾಯ ಮುಗಿದ ಮೇಲೆ ಅವನು ಮಸಿ ತೊಳೆದುಕೊಳ್ಳಬಹುದಿತ್ತು. 2011ರ ನವೆಂಬರಿನಲ್ಲಿ ‘ಸ್ವಾರ್ತೆ ಪೀಟ್ ಎಂದರೆ ವರ್ಣಭೇದ’ ಎಂಬ ಅಂಗಿ ತೊಟ್ಟು ಡೋರ್ಡ್ರೆಕ್ಟಿನ ಮೆರವಣಿಗೆಯ ಬದಿಯಲ್ಲಿ ಸುಮ್ಮನೆ ನಿಂತ ಕಪ್ಪು ಕಲಾವಿದ ಕ್ವಿನ್ಸಿ ಗ್ಯಾರಿಯೊನನ್ನು ಪೊಲೀಸರು ನೆಲಕ್ಕೆ ಕೆಡವಿ ಬಂಧಿಸಿದರು.

ಈ ಮುಖವಾಡದ ವಾಸನೆ ಕಾಫಿಶಾಪಿನ ಗೋಡೆಗಳ ಮೇಲೆ ಇಂದಿಗೂ ಇದೆ. ನಾನು ಹೋಗಿ ಕೂತದ್ದು ಎರಡು ಮೂರು ಕಡೆ ಮಾತ್ರ, ಕುಡಿದದ್ದು ಸಾಧಾರಣ ಕಾಫಿ. ಆದರೆ ಗೋಡೆಯ ಮೇಲೆ ಬಾಬ್ ಮಾರ್ಲಿ, ಛಾವಣಿಯ ಅಂಚಿಗೆ ಕೆಂಪು ಹಳದಿ ಹಸಿರು, ಕಟ್ಟೆಯ ಮೇಲೆ ದರಪಟ್ಟಿ. ಆ ಪಟ್ಟಿ ಓದುವುದೆಂದರೆ ಹಳೆಯ ವಸಾಹತು ಭೂಪಟ ಓದಿದ ಹಾಗೆ: ಮಲಾನಾ, ನೇಪಾಳ, ಅಫ್ಘಾನ್, ಡರ್ಬನ್, ಮೊರಾಕ್ಕೊ. ‘ಗಾಂಜಾ’ ಎಂಬ ನಮ್ಮ ಪದ ಗಿರ್ಮಿಟ್ ಕೂಲಿಗಳ ಬಾಯಲ್ಲಿ ಜಮೈಕಾ ಸೇರಿ, ಅಲ್ಲಿಂದ ರೆಗೆ ಹಾಡುಗಳ ಮೂಲಕ ಈ ಗೋಡೆಗೆ ಬಂದಿದೆ. ಕಪ್ಪು, ಕಂದು ಜಗತ್ತು ಇಲ್ಲಿ ರುಚಿಯಾಗಿ, ಬಣ್ಣವಾಗಿ, ತಾಳವಾಗಿ ಇದೆ. ಅದಕ್ಕೆ ಮುಂಬಾಗಿಲಲ್ಲಿ ಸ್ವಾಗತವಿದೆ.

2010ರಲ್ಲಿ ಈ ‘ಖೆದೋಖೆನ್’ ಪದಕ್ಕೆ ಒಂದು ವಿಚಿತ್ರ ತಿರುವು ಬಂತು. ಮಾರ್ಕ್ ರುಟ್ಟೆಯ ಮೊದಲ ಸರ್ಕಾರಕ್ಕೆ ಬಹುಮತವಿರಲಿಲ್ಲ. ಹೀರ್ಟ್ ವಿಲ್ಡರ್ಸ್‌ನ ಮುಸ್ಲಿಂ ವಿರೋಧಿ ಪಕ್ಷ ಸರ್ಕಾರ ಸೇರದೆ, ಹೊರಗಿನಿಂದ ಅದನ್ನು ‘ಸಹಿಸಿಕೊಳ್ಳುವ’ ಒಪ್ಪಂದ ಮಾಡಿಕೊಂಡಿತು. ಅದರ ಹೆಸರೇ ‘ಖೆದೋಖ್ ಒಪ್ಪಂದ’. ಗಾಂಜಾ ಸೇದುವವರನ್ನು ಸಹಿಸುವ ಪದ ಈಗ ವಲಸಿಗರನ್ನು ಸಹಿಸದವರ ರಾಜಕೀಯಕ್ಕೆ ಅಂಟಿಕೊಂಡಿತು. ಅದೇ ಸರ್ಕಾರದ ನ್ಯಾಯ ಸಚಿವ ಈವೊ ಒಪ್‌ಸ್ಟೆಲ್ಟನ್ ‘ವೀಟ್‌ಪಾಸ್’ ತಂದರು: ಕಾಫಿಶಾಪುಗಳು ಸದಸ್ಯರ ಕ್ಲಬ್ಬಾಗಬೇಕು, ಒಂದರಲ್ಲಿ ಹೆಚ್ಚೆಂದರೆ 2000 ಸದಸ್ಯರು, ಎಲ್ಲರೂ ಈ ದೇಶದ ನಿವಾಸಿಗಳು. 2012ರ ಮೇ 1ರಂದು ದಕ್ಷಿಣದ ಮೂರು ಪ್ರಾಂತ್ಯಗಳಲ್ಲಿ ಇದು ಜಾರಿಯಾಯಿತು. ಇದಕ್ಕೆ ನೆಲ ಹದಮಾಡಿದ್ದು ಮಾಸ್ಟ್ರಿಕ್ಟ್ ನಗರದ ಮೊಕದ್ದಮೆ. ಅಲ್ಲಿಯ ಕಾಫಿಶಾಪ್ ಮಾಲೀಕ ಮಾರ್ಕ್ ಯೋಸೆಮಾನ್ಸ್ ಹೊರದೇಶದವರಿಗೆ ಮಾರಿದನೆಂದು ಮೇಯರ್ ಅಂಗಡಿ ಮುಚ್ಚಿಸಿದ್ದರು. ಯುರೋಪಿನ ನ್ಯಾಯಾಲಯ 2010ರ ಡಿಸೆಂಬರಿನಲ್ಲಿ ನಿಷೇಧವನ್ನು ಎತ್ತಿಹಿಡಿಯಿತು. ನಂತರ ಡಚ್ ಕೌನ್ಸಿಲ್ ಆಫ್ ಸ್ಟೇಟ್ ಹೇಳಿದ್ದು ಇನ್ನೂ ಸ್ವಾರಸ್ಯಕರ: ನಿವಾಸದ ಆಧಾರದ ಮೇಲೆ ಭೇದಮಾಡುವುದು ಪರೋಕ್ಷ ತಾರತಮ್ಯವೇ ಹೌದು, ಆದರೆ ಸಮರ್ಥನೀಯ.

ಬೆಲ್ಜಿಯಮ್ಮಿನ ಕಾರಿನಲ್ಲಿ ಬರುವ ಬಿಳಿಯ ಹುಡುಗನೂ ಈ ನಿಯಮದಿಂದ ಹೊರಗುಳಿದ, ನಿಜ. ಹಾಗಾಗಿ ವೀಟ್‌ಪಾಸನ್ನು ನೇರವಾಗಿ ವರ್ಣಭೇದದ ಕಾನೂನು ಎನ್ನಲಾಗದು. ಗಾಂಜಾ ಪ್ರವಾಸಿಗರಿಂದ ಗಡಿಯೂರುಗಳ ಜನ ಪಟ್ಟ ಪಾಡೂ ಸುಳ್ಳಲ್ಲ. ಆದರೆ ಪರಿಣಾಮ ನೋಡಿ. ಕ್ಲಬ್ಬಿನಲ್ಲಿ ಹೆಸರು ನೋಂದಾಯಿಸಲು ಡಚ್ಚರೂ ಹಿಂಜರಿದರು, ಮಾರಾಟ ಬೀದಿಗೆ ಬಂತು. ಬೀದಿಯಲ್ಲಿ ನಿಂತವನು ಹೇಗೆ ಕಾಣುತ್ತಾನೆಂದು ನಗರಕ್ಕೆ ಮೊದಲೇ ಗೊತ್ತಿತ್ತು. ಯಾವ ಹುಡುಗ ಗುಂಪಿನಲ್ಲಿ ನಿಂತರೆ ಅದು ಹರಟೆ, ಯಾವ ಹುಡುಗ ನಿಂತರೆ ಅದು ವ್ಯಾಪಾರ ಎಂದು ತೀರ್ಮಾನಿಸುವ ಕಣ್ಣಿಗೆ ನಲವತ್ತು ವರ್ಷದ ತರಬೇತಿ ಆಗಿತ್ತು. ವರ್ಷ ಮುಗಿಯುವುದರೊಳಗೆ ಸದಸ್ಯತ್ವದ ಪಾಸ್ ರದ್ದಾಯಿತು, ‘ನಿವಾಸಿ’ ಎಂಬ ಷರತ್ತು ಮಾತ್ರ ಕಾಗದದ ಮೇಲೆ ಉಳಿಯಿತು. ಅದನ್ನು ಜಾರಿಮಾಡುವುದು ಬಿಡುವುದು ಆಯಾ ಊರಿನ ಇಷ್ಟ. ಆಮ್‌ಸ್ಟರ್‌ಡ್ಯಾಮ್ ಇನ್ನೂ ಜಾರಿಮಾಡಿಲ್ಲ. ಅದೊಂದು ಬಗೆಯ ಖೆದೋಖೆನ್.

ಇಲ್ಲೊಂದು ಆಕ್ಷೇಪ ಬರಬೇಕು, ಬರಲಿ. ನನ್ನ ಡಚ್ ಗೆಳೆಯನೊಬ್ಬ ಇದನ್ನೆಲ್ಲ ಕೇಳಿ ಬೇಸರದಿಂದ, ‘ಅಮೆರಿಕ ನೋಡು’ ಎಂದ. ನೋಡಿದ್ದೇನೆ. ಅಲ್ಲಿ 1930ರ ದಶಕದಿಂದ ಗಾಂಜಾ ನಿಷೇಧಕ್ಕೆ ಮೆಕ್ಸಿಕನ್ನರ, ಕಪ್ಪು ಜನರ ಮೇಲಿನ ಭಯವನ್ನೇ ಬಂಡವಾಳ ಮಾಡಿಕೊಂಡರು, ಲಕ್ಷಾಂತರ ಕಪ್ಪು ತರುಣರು ಜೈಲು ಸೇರಿದರು. ಡಚ್ ನೀತಿ ಅಂಥ ಜೈಲುಗಳನ್ನು ಕಟ್ಟಲಿಲ್ಲ. ಒಂದು ಸಿಗರೇಟಿನಷ್ಟು ಗಾಂಜಾಕ್ಕೆ ಬದುಕು ಕಳೆದುಕೊಳ್ಳದೆ ಉಳಿದವರಲ್ಲಿ ಸುರಿನಾಮಿನ, ಮೊರಾಕ್ಕೊದ ಹುಡುಗರೂ ಇದ್ದಾರೆ. ಈ ಸಾಧನೆಯನ್ನು ಒಪ್ಪದವನು ಪ್ರಾಮಾಣಿಕ ವಿಮರ್ಶಕನಲ್ಲ. ನನ್ನ ತಕರಾರು ಬೇರೆ. ಅಮೆರಿಕದಲ್ಲಿ ಶಿಕ್ಷೆಗೆ ಬಣ್ಣವಿತ್ತು, ಅದನ್ನು ಎಣಿಸಬಹುದು, ಅದರ ವಿರುದ್ಧ ಮೆರವಣಿಗೆ ಹೋಗಬಹುದು. ಇಲ್ಲಿ ಬಣ್ಣವಿರುವುದು ಕರುಣೆಯಲ್ಲಿ. ಕಾನೂನು ಬರೆದಿಟ್ಟ ಹಕ್ಕು ನನಗೆ ಸಿಗದಿದ್ದರೆ ನಾನು ನ್ಯಾಯಾಲಯಕ್ಕೆ ಹೋಗಬಲ್ಲೆ. ಅಧಿಕಾರಿಯ ಕಣ್ಣು ಪಕ್ಕದವನಿಗೆ ತೋರಿದ ಕುರುಡನ್ನು ನನಗೆ ತೋರಲಿಲ್ಲವೆಂದು ಯಾರಲ್ಲಿ ದೂರುವುದು? 2023ರ ಫೆಬ್ರವರಿಯಲ್ಲಿ ಹೇಗ್‌ನ ಮೇಲ್ಮನವಿ ನ್ಯಾಯಾಲಯ ಗಡಿ ಪೊಲೀಸರು ತಪಾಸಣೆಗೆ ಜನರನ್ನು ಆರಿಸುವಾಗ ಜನಾಂಗವನ್ನು ಒಂದು ಮಾನದಂಡವಾಗಿ ಬಳಸಕೂಡದೆಂದು ತೀರ್ಪು ಕೊಟ್ಟಿತು. ಎರಡು ವರ್ಷ ಮೊದಲು ಕೆಳಗಿನ ನ್ಯಾಯಾಲಯ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ.

ಈಗ ಡಚ್ಚರು ಹಿಂಬಾಗಿಲನ್ನು ಸರಿಪಡಿಸಲು ಹೊರಟಿದ್ದಾರೆ. ಬ್ರೆಡಾ, ಟಿಲ್‌ಬರ್ಗ್‌ಗಳಲ್ಲಿ 2023ರ ಡಿಸೆಂಬರಿನಲ್ಲಿ ಶುರುವಾದ ಪ್ರಯೋಗ ಈಗ ಹತ್ತು ಊರುಗಳಲ್ಲಿದೆ. ಸರ್ಕಾರ ಆರಿಸಿದ ಕೆಲವೇ ಬೆಳೆಗಾರರು, ಗಾಜಿನ ಮನೆಗಳಲ್ಲಿ, ಲೆಕ್ಕಪತ್ರ ಇಟ್ಟು ಬೆಳೆಯುತ್ತಾರೆ. ಪರವಾನಗಿಗೆ ಹಿನ್ನೆಲೆ ತಪಾಸಣೆ ಕಡ್ಡಾಯ. ಐವತ್ತು ವರ್ಷ ಆ ಬಾಗಿಲಿನಿಂದ ಸರಕು ತಂದವರು, ಅದಕ್ಕಾಗಿ ಶಿಕ್ಷೆ ಅನುಭವಿಸಿದವರು, ಸಹಜವಾಗಿಯೇ ಆ ತಪಾಸಣೆಯಲ್ಲಿ ಉಳಿಯುವುದಿಲ್ಲ. ಎಲ್ಲಕ್ಕಿಂತ ತೊಡಕಾದದ್ದು ಹಶೀಶ್. ಡಚ್ ಕಾಫಿಶಾಪಿನ ಹಶೀಶ್ ಬಹುಪಾಲು ಮೊರಾಕ್ಕೊದ ರಿಫ್ ಬೆಟ್ಟಸಾಲಿನದು. 1969ರಲ್ಲಿ ನೆದರ್‌ಲ್ಯಾಂಡ್ಸ್ ಮೊರಾಕ್ಕೊದೊಡನೆ ಕೂಲಿಗಳನ್ನು ಕರೆತರುವ ಒಪ್ಪಂದ ಮಾಡಿಕೊಂಡಿತಲ್ಲ, ಬಂದವರಲ್ಲಿ ಅನೇಕರು ಅದೇ ರಿಫ್‌ನವರು. ಒಂದೇ ಬಡ ಬೆಟ್ಟ ಡಚ್ಚರಿಗೆ ಕಾರ್ಖಾನೆಯ ಕೈಗಳನ್ನೂ ಕಾಫಿಶಾಪಿನ ಸರಕನ್ನೂ ಕೊಟ್ಟಿತು. ಆ ಕೈಗಳ ಮಕ್ಕಳಿಗೆ ಪತ್ರಿಕೆ, ಪುಸ್ತಕ, ಟಿವಿ ಧಾರಾವಾಹಿ ಸೇರಿ ‘ಮೊಕ್ರೊ ಮಾಫಿಯಾ’ ಎಂಬ ಹೆಸರು ಅಂಟಿಸಿದವು. ‘ಮೊಕ್ರೊ’ ಎಂದರೆ ಬೀದಿಮಾತಿನಲ್ಲಿ ಮೊರಾಕ್ಕೊದವನು. ಕೊಲೆಗಡುಕರು ಇದ್ದರು, ಅವರು ಮಾಡಿದ ಕೊಲೆಗಳೂ ನಿಜ. ಆದರೆ ಗಾಜಿನ ಮನೆಗಳಲ್ಲಿ, ಮನೆಯ ಅಟ್ಟಗಳಲ್ಲಿ ದಶಕಗಟ್ಟಲೆ ಕದ್ದು ಗಾಂಜಾ ಬೆಳೆದ ಬಿಳಿಯರಿಗೆ ಅವರ ಜನಾಂಗದ ಹೆಸರಿನ ಮಾಫಿಯಾ ಯಾವ ಧಾರಾವಾಹಿಯಲ್ಲೂ ಸಿಗಲಿಲ್ಲ.

ಮೊರಾಕ್ಕೊದ ದೊರೆ 2024ರ ಆಗಸ್ಟಿನಲ್ಲಿ ಗಾಂಜಾ ಬೆಳೆದು ಶಿಕ್ಷೆಗೋ ಮೊಕದ್ದಮೆಗೋ ಗುರಿಯಾಗಿದ್ದ ನಾಲ್ಕು ಸಾವಿರಕ್ಕೂ ಹೆಚ್ಚು ರೈತರಿಗೆ ಕ್ಷಮೆ ಕೊಟ್ಟ. ಅದಾಗಿ ವರ್ಷ ಕಳೆದು, 2025ರ ಸೆಪ್ಟೆಂಬರ್ 1ರಿಂದ, ಪ್ರಯೋಗದ ಹತ್ತೂ ಊರುಗಳ ಕಾಫಿಶಾಪುಗಳಲ್ಲಿ ಹೊರದೇಶದ ಹಶೀಶ್ ಮಾರುವುದು ನಿಂತಿದೆ. ಕಾನೂನಿನ ಕಣ್ಣಲ್ಲಿ ಶುದ್ಧವಾಗಿರುವುದು ಈಗ ಡಚ್ ನೆಲದಲ್ಲಿ, ಡಚ್ ಪರವಾನಗಿಯಲ್ಲಿ ತಯಾರಾದದ್ದು ಮಾತ್ರ.

ಊರಿಗೆ ಮರಳಿದ ಮೇಲೂ ಮನೆಯೊಡತಿಗೆ ಆಗಾಗ ಫೋನ್ ಮಾಡುತ್ತೇನೆ. ಹಶೀಶಿನ ಈ ಸುದ್ದಿ ಹೇಳಿದಾಗ ಆಕೆಗೆ ಅದರಲ್ಲಿ ಅಷ್ಟೇನೂ ಆಸಕ್ತಿ ಕಾಣಲಿಲ್ಲ. ತಮ್ಮ ಈಗ ನಿವೃತ್ತ, ಹೋದ ವಾರ ಮೊಮ್ಮಗನನ್ನು ಕರೆದುಕೊಂಡು ಆಮ್‌ಸ್ಟರ್‌ಡ್ಯಾಮಿನ ಮ್ಯೂಸಿಯಂ ನೋಡಿ ಬಂದನಂತೆ. ‘ಟೈ?’ ಎಂದು ಕೇಳಿದೆ. ‘ಅವನು ಕಟ್ಟಿದ್ದ. ಹುಡುಗ ಹುಡಿ ಹಾಕಿಕೊಂಡು ಹೋಗಿದ್ದ, ಬೇಡ ಅಂದರೆ ಕೇಳಲಿಲ್ಲ’ ಎಂದಳು.